ಹಸಿರೋ, ನೇರಳೆಯೋ

ಫೋಂಗ್‌ಚನ್‌ಳ ಬೀರುವಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಿಳಿ ಅಂಗಿ, ಕಪ್ಪು ಲಂಗ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಳೆಯವು ಸವೆದಾಗ ಚಿಯಾಂಗ್ ಮಾಯ್‌ನ ದೊಡ್ಡ ಮಾರುಕಟ್ಟೆಯ ಅದೇ ಅಂಗಡಿಗೆ ಹೋಗಿ, ಅದೇ ಅಳತೆಯ ಆರು ಅಂಗಿ, ನಾಲ್ಕು ಲಂಗ ಕಟ್ಟಿಸಿಕೊಂಡು ಬರುವಳು. ಕೈಗೆ ಯಾವುದು ಸಿಕ್ಕರೂ ಜೋಡಿ ತಪ್ಪುವ ಹಾಗಿಲ್ಲ. ಹುಟ್ಟಿನಿಂದಲೇ ಕಣ್ಣು ಕಾಣದ ಅವಳಿಗೆ ಬಿಳಿ, ಕಪ್ಪು ಎರಡೂ ಬರೀ ಹೆಸರುಗಳು. ಆದರೆ ಆ ಎರಡು ಹೆಸರುಗಳನ್ನು ಹಿಡಿದುಕೊಂಡಿದ್ದರೆ ಯಾರೂ ತನ್ನನ್ನು ಆಟ ಆಡಿಸಲಾರರು ಎನ್ನುವುದು ಅವಳ ಲೆಕ್ಕ.

ಅವಳು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ. ಅಲ್ಲಿ ಉಳಿದವರೆಲ್ಲ ದಿನಕ್ಕೊಂದು ಬಣ್ಣ ತೊಡುವ ಆ ಕಡೆಯ ರೂಢಿ ತಪ್ಪಿಸುತ್ತಿರಲಿಲ್ಲ. ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಗುರುವಾರ ಕಿತ್ತಳೆ, ಶುಕ್ರವಾರ ಊರಿನ ಕೈಮಗ್ಗದ ಉಡುಗೆ. ನೀನೂ ಒಂದು ದಿನ ಹಳದಿ ಹಾಕಿಕೊಂಡು ಬಾ ಎಂದು ಯಾರಾದರೂ ಕರೆದರೆ, ಫೋನ್ ಮಾಡುವವರಿಗೆ ನನ್ನ ಅಂಗಿ ಕಾಣುವುದಿಲ್ಲವಲ್ಲ ಎಂದು ನಕ್ಕು ಸುಮ್ಮನಾಗುತ್ತಿದ್ದಳು. ಆ ನಗುವಿನ ಹಿಂದೆ ಏನಿತ್ತು ಎನ್ನುವುದು ಗೊತ್ತಿದ್ದದ್ದು ಅವಳ ಅಕ್ಕ ಬುವಾಚುಮ್‌ಗೆ ಮಾತ್ರ.

ಫೋಂಗ್‌ಚನ್‌ಗೆ ಇಪ್ಪತ್ನಾಲ್ಕು ವರ್ಷವಿದ್ದಾಗ ನಡೆದದ್ದು ಅದು. ಆಸ್ಪತ್ರೆಯ ಕೆಲಸ ಸಿಕ್ಕ ಸಂತೋಷಕ್ಕೆ ಅಮ್ಮ ಅವಳಿಗೊಂದು ರೇಷ್ಮೆ ಸಿನ್ ನೇಯಿಸಿ ತಂದಿದ್ದಳು. ಸಿನ್ ಎಂದರೆ ಆ ಕಡೆಯ ಹೆಂಗಸರು ಸೊಂಟಕ್ಕೆ ಸುತ್ತಿ ಪಾದದವರೆಗೆ ಉಡುವ ಬಟ್ಟೆ. ದಾಯಾದಿಯ ಮಗನೊಬ್ಬ ಸನ್ಯಾಸ ತೆಗೆದುಕೊಂಡ ದಿನದ ಊಟಕ್ಕೆ ಹೊರಟಾಗ ಅಕ್ಕನೇ ಅದನ್ನು ಉಡಿಸಿ, ಹಸಿರು ಸಿನ್, ಮೇಲೆ ಕೆನೆಬಣ್ಣದ ಅಂಗಿ, ಚೆನ್ನಾಗಿ ಒಪ್ಪಿದೆ ಎಂದು ಹೇಳಿದ್ದಳು. ಫೋಂಗ್‌ಚನ್ ಅದನ್ನು ಬಾಯಿಪಾಠ ಮಾಡಿಕೊಂಡಳು. ಆದರೆ ಊಟದ ಮನೆಯಲ್ಲಿ ಮಾವನೊಬ್ಬ ದೂರದಿಂದಲೇ, ನೇರಳೆ ಬಣ್ಣ ನಿನಗೆ ಒಪ್ಪುತ್ತದೆ ಕಣೇ ಎಂದ. ಅಡುಗೆಮನೆಯಲ್ಲಿ ಒಬ್ಬಳು ಹಸಿರು ಎಂದಳು, ಇನ್ನೊಬ್ಬಳು ಎಲ್ಲಿಯ ಹಸಿರು ಎಂದಳು, ನಾಲ್ಕೈದು ಜನ ನಕ್ಕರು. ನಗು ಯಾವ ಕಡೆ ತಿರುಗಿದೆ ಎಂದು ತಿಳಿಯುವುದು ಕಣ್ಣಿಲ್ಲದವರಿಗೆ ಕಷ್ಟ. ತನ್ನ ಕಡೆಗೇ ಎಂದುಕೊಂಡಳು ಫೋಂಗ್‌ಚನ್.

ಮನೆಗೆ ಬರುವ ದಾರಿಯಲ್ಲಿ ಅಕ್ಕನನ್ನು ಕೇಳಿದಳು. ಹಸಿರೇ ಕಣೇ, ಆ ಕಡೆಯಿಂದ ನೋಡಿದರೆ ಸ್ವಲ್ಪ ಬೇರೆ ಥರ ಇರುತ್ತೆ ಅಷ್ಟೇ ಎಂದು ಬುವಾಚುಮ್ ಹೇಳಿದಳು. ಉಪ್ಪನ್ನು ಯಾವ ಕಡೆಯಿಂದ ನೆಕ್ಕಿದರೂ ರುಚಿ ಬದಲಾಗುವುದನ್ನು ಫೋಂಗ್‌ಚನ್ ಕಂಡಿರಲಿಲ್ಲ. ಬಿಸಿ ಅನ್ನ ಆ ಕಡೆಯಿಂದ ಮುಟ್ಟಿದರೆ ತಣ್ಣಗಿರುವುದಿಲ್ಲ. ಹಾಗಿರುವಾಗ ಬಟ್ಟೆಯೊಂದು ನಿಂತ ಜಾಗದ ಮೇಲೆ ಬಣ್ಣ ಬದಲಿಸುತ್ತದೆ ಎಂದರೆ ಅದು ಸಿಕ್ಕಿಬಿದ್ದವರು ಆಡುವ ಮಾತಲ್ಲದೆ ಇನ್ನೇನು. ಅವಳು ಮತ್ತೆ ಮತ್ತೆ ಕೆದಕಿದಳು. ಬೆಳಗಿನಿಂದ ಪಾತ್ರೆ ತೊಳೆದು ಸುಸ್ತಾಗಿದ್ದ ಅಕ್ಕನಿಗೆ ರೇಗಿತು.

"ಕಣ್ಣಿರೋದು ನನಗೋ ನಿನಗೋ?" ಎಂದುಬಿಟ್ಟಳು.

ಅಷ್ಟೇ. ಮುಂದಿನ ವರ್ಷ ಅಮ್ಮ ತೀರಿಕೊಂಡಳು. ಸಿನ್ ಬೀರುವಿನ ತಳ ಸೇರಿತು. ಅಕ್ಕ ತಂಗಿ ಮಾತು ಬಿಡಲಿಲ್ಲ. ಮಾರುಕಟ್ಟೆಯಲ್ಲಿ ಹಂದಿಮಾಂಸದ ಸಾಸೇಜ್ ಮಾರುವ ಬುವಾಚುಮ್ ಭಾನುವಾರ ಬಿಸಿಬಿಸಿ ಕಟ್ಟಿಕೊಂಡು ಬರುತ್ತಿದ್ದಳು, ಮಂಡಿನೋವಿನ ಬಗ್ಗೆ, ಮಳೆಯ ಬಗ್ಗೆ ಮಾತಾಡುತ್ತಿದ್ದರು. ಬಟ್ಟೆಯ ಮಾತು ಮಾತ್ರ ಇಬ್ಬರ ನಡುವೆಯೂ ಬರಲೇ ಇಲ್ಲ.

ಹೀಗಿರುವಾಗ, ಮಳೆಗಾಲ ಮುಗಿಯುತ್ತಿದ್ದ ಸಮಯದಲ್ಲಿ, ಕಣ್ಣು ಕಾಣದವರ ಸಂಘದಿಂದ ಅವಳ ಕೈಗೆ ಒಂದು ಯಂತ್ರ ಬಂತು. ಸಂಘದ ಹಿರಿಯ ಪ್ರಸೊಂಗ್ ಎಂಬವರು, ಎಲ್ಲರೂ ಅವರನ್ನು ಖ್ರೂ, ಅಂದರೆ ಮೇಷ್ಟ್ರೇ, ಎಂದು ಕರೆಯುತ್ತಿದ್ದರು, ಅದನ್ನು ಒಬ್ಬೊಬ್ಬರಿಗೆ ಮೂವತ್ತು ದಿನ ಬಳಸಲು ಕೊಡುತ್ತಿದ್ದರು. ಸಾಬೂನಿನ ತುಂಡಿನಷ್ಟು ಗಾತ್ರ, ಒಂದು ತುದಿಯಲ್ಲಿ ಗುಂಡಗಿನ ಬಾಯಿ, ಬೆನ್ನ ಮೇಲೆ ಎರಡು ಗುಂಡಿ. ಬಾಯಿಯನ್ನು ವಸ್ತುವಿಗೆ ಒತ್ತಿ ಹಿಡಿದು ಗುಂಡಿ ಅದುಮಿದರೆ ಒಬ್ಬ ಹೆಂಗಸಿನ ದನಿ ಬಣ್ಣ ಹೇಳುತ್ತಿತ್ತು. ಬ್ಯಾಂಕಾಕಿನಲ್ಲಿ ವಾರ್ತೆ ಓದುವವರ ಹಾಗೆ ಒಂದೊಂದು ಅಕ್ಷರವನ್ನೂ ತೊಳೆದಿಟ್ಟಂಥ ಮಾತು.

ಮೊದಲ ಸಂಜೆ ಫೋಂಗ್‌ಚನ್ ಅಡುಗೆ ಮಾಡಲಿಲ್ಲ. ಗೋಡೆಗೆ ಒತ್ತಿದಳು, ತಿಳಿ ಹಳದಿ. ಬಾಗಿಲಿಗೆ ಒತ್ತಿದಳು, ಕಂದು. ಚಪ್ಪಲಿ, ಬಕೆಟ್ಟು, ಹಲ್ಲುಜ್ಜುವ ಬ್ರಷ್ಷು, ಅನ್ನದ ಬುಟ್ಟಿ. ಅಡುಗೆಗೆ ಹಾಕುವ ಮೀನಿನ ಸಾಸಿನ ಬಾಟಲಿಯ ಮುಚ್ಚಳ ಕೆಂಪು ಎಂದು ಗೊತ್ತಾಗಿ ಯಾಕೋ ಬಹಳ ಖುಷಿಯಾಯಿತು. ಅಂಗೈಗೆ ಒತ್ತಿದರೆ "ತಿಳಿ ಗುಲಾಬಿ ಕಂದು" ಎಂದಿತು, ಮುಂಗೈಗೆ ಒತ್ತಿದರೆ ಬರೀ "ಕಂದು". ಒಂದೇ ಕೈಗೆ ಎರಡು ಬಣ್ಣ ಇರುವುದನ್ನು ನಲವತ್ತಮೂರು ವರ್ಷಗಳಲ್ಲಿ ಒಬ್ಬರೂ ಹೇಳಿರಲಿಲ್ಲ. ಕಣ್ಣಿದ್ದವರಿಗೆ ಅದು ಹೇಳುವಂಥ ವಿಷಯವೇ ಅನ್ನಿಸಿರಲಿಕ್ಕಿಲ್ಲ. ಇನ್ನೂ ಎಂತೆಂಥ ವಿಷಯಗಳನ್ನು ಹೀಗೆ ಹೇಳದೆ ಬಿಟ್ಟಿದ್ದಾರೋ ಎಂದು ಯೋಚಿಸುತ್ತ ನಾಲಿಗೆ ಹೊರಚಾಚಿ ಅದಕ್ಕೂ ಒತ್ತಿದಳು.

ಬಾಳೆಗೊನೆಯ ಕಥೆ ಇನ್ನೂ ಮಜವಾಗಿತ್ತು. ಹಣ್ಣಾಗಿದೆಯೋ ಇಲ್ಲವೋ ಎನ್ನುವುದನ್ನು ಅವಳು ಮೂಗಿನಿಂದ, ಹೆಬ್ಬೆರಳಿನಿಂದ ಪತ್ತೆಮಾಡುವವಳು. ಯಂತ್ರ ಅವಳಿಗಿಂತ ಒಂದು ದಿನ ಮೊದಲೇ "ಹಳದಿ" ಎಂದಿತು. ಮರುದಿನ ವಾಸನೆ ಬಂದಾಗ, ಅಯ್ಯೋ ಕಣ್ಣಿದ್ದವರಿಗೆ ವಾಸನೆ ಬರುವ ಮೊದಲೇ ಗೊತ್ತಾಗಿಬಿಡುತ್ತೆ ಎಂದುಕೊಂಡಳು. ಟೆಲಿಫೋನ್ ಕೋಣೆಯಲ್ಲಿ ಅಕ್ಕಪಕ್ಕದವರ ತೋಳಿಗೆಲ್ಲ ಒತ್ತಿ ನೋಡಿದಳು. ಸೋಮವಾರ ಐದು ಹಳದಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಯಂತ್ರ ಒಂದೇ ಹೆಸರು ಹೇಳಲಿಲ್ಲ.

ಒಂದು ಮಧ್ಯಾಹ್ನ ಆಸ್ಪತ್ರೆಯ ಅಂಗಳದಲ್ಲಿ ನಿಂತು ಯಂತ್ರವನ್ನು ಆಕಾಶಕ್ಕೆ ಹಿಡಿದಳು. ಅದು "ಕಪ್ಪು" ಎಂದಿತು. ಮತ್ತೆ ಹಿಡಿದಳು, ಮತ್ತೆ ಕಪ್ಪು. ಕಾವಲಿನವನನ್ನು ಕೇಳಿದರೆ ಆಕಾಶ ಕಣ್ಣು ಕುಕ್ಕುವಷ್ಟು ನೀಲಿ ಇದೆ ಎಂದ. ಸಂಘಕ್ಕೆ ಫೋನ್ ಮಾಡಿದಳು. ಖ್ರೂ ಪ್ರಸೊಂಗ್ ಮೂವತ್ತೈದು ವರ್ಷ ವಯಸ್ಸಿನವರೆಗೆ ಸಿನಿಮಾ ಬ್ಯಾನರುಗಳಿಗೆ ಬಣ್ಣ ಬಳಿಯುತ್ತಿದ್ದವರು, ಆಮೇಲೆ ಕಣ್ಣು ಹೋದದ್ದು. ಬಣ್ಣದ ವಿಷಯ ಅವರನ್ನು ಬಿಟ್ಟು ಯಾರನ್ನು ಕೇಳುವುದು.

"ಅದರ ಹೊಟ್ಟೆಯಲ್ಲಿ ಒಂದು ದೀಪ ಇದೆ," ಎಂದರು ಖ್ರೂ. "ದೀಪದ ಬೆಳಕು ವಸ್ತುವಿಗೆ ಬಡಿದು ವಾಪಸ್ ಬಂದ್ರೆ ಓದಿ ಹೇಳುತ್ತೆ. ಆಕಾಶದಿಂದ ಏನು ವಾಪಸ್ ಬರಬೇಕು? ಮುಟ್ಟಿದ್ದು ಮಾತ್ರ ಗೊತ್ತು ಅದಕ್ಕೆ, ನಿನ್ನ ಥರ."

ಆ ಮಾತು ಫೋಂಗ್‌ಚನ್‌ಗೆ ಹಿಡಿಸಿತು. ಅಂದಿನಿಂದ ಯಂತ್ರದ ಹೆಂಗಸಿನ ಮೇಲೆ ಒಂಥರಾ ಸಲಿಗೆ ಬೆಳೆಯಿತು.

ಒಂಬತ್ತನೆಯ ದಿನ ಬೀರುವಿನ ತಳಕ್ಕೆ ಕೈ ಹಾಕಿದಳು. ಕರ್ಪೂರದ ವಾಸನೆ ಹೊಡೆಯುತ್ತಿದ್ದ ಸಿನ್ ಅನ್ನು ಹಾಸಿಗೆಯ ಮೇಲೆ ಹರಡಿ ಯಂತ್ರ ಒತ್ತಿದಳು.

"ಹಸಿರು."

ಅಕ್ಕ ಸುಳ್ಳು ಹೇಳಿರಲಿಲ್ಲ. ಹಾಗಾದರೆ ಮಾವ? ಖಾತ್ರಿಯಾಗಲಿ ಎಂದು ಯಂತ್ರವನ್ನು ಸ್ವಲ್ಪ ಹೊರಳಿಸಿ ಅದೇ ಜಾಗಕ್ಕೆ ಮತ್ತೆ ಒತ್ತಿದಳು.

"ನೇರಳೆ."

ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತುಬಿಟ್ಟಳು. ಯಂತ್ರದ ಹೆಂಗಸಿಗೆ ತನ್ನನ್ನು ಕಂಡು ನಗಬೇಕಾದ ಅಗತ್ಯವೇನೂ ಇರಲಿಲ್ಲ. ಊಟದ ಮನೆಯಲ್ಲಿ ಅವಳು ಇರಲೂ ಇಲ್ಲ. ಮೂವತ್ತು ಸಲವಾದರೂ ಒತ್ತಿರಬೇಕು. ಹಸಿರು, ಹಸಿರು, ನೇರಳೆ, ಕಂದು, ನೇರಳೆ, ಹಸಿರು. ಬಿಳಿ ಅಂಗಿಗೆ ಒತ್ತಿದರೆ ಯಾವ ಕಡೆ ಹೊರಳಿಸಿದರೂ ಬಿಳಿಯೇ. ಯಂತ್ರ ಕೆಟ್ಟಿರಲಿಲ್ಲ. ತಕರಾರು ಇದ್ದದ್ದು ಸಿನ್‌ನಲ್ಲಿ.

ಖ್ರೂಗೆ ಫೋನ್ ಮಾಡಿದಾಗ ಅವರು, ನನಗೊಂದು ಊಹೆ ಇದೆ, ಆದರೆ ನನ್ನ ಊಹೆಗಿಂತ ಅದನ್ನು ನೇಯ್ದವರ ಮಾತು ಮೇಲು, ಅವರನ್ನೇ ಹುಡುಕು ಎಂದರು. ನೇಯ್ದವರು ಯಾರೆಂದು ಗೊತ್ತಿದ್ದದ್ದು ಬುವಾಚುಮ್‌ಗೆ. ಫೋಂಗ್‌ಚನ್ ಫೋನನ್ನು ಎರಡು ಸಲ ಕೈಗೆತ್ತಿಕೊಂಡು ಎರಡು ಸಲ ಕೆಳಗಿಟ್ಟಳು. ಮೂರನೆಯ ಸಲ ಕರೆ ಮಾಡಿ, ಅಕ್ಕಾ ಎನ್ನುವ ಹಾಗೆ ಪಿ ಬುವಾ ಎಂದು ಕರೆದು, ಅಮ್ಮ ನನಗೆ ಸಿನ್ ನೇಯಿಸಿದ್ದು ಯಾರ ಹತ್ತಿರ ಎಂದು ಕೇಳಿದಳು. ಆ ಕಡೆ ಸಾಸೇಜ್ ಸುಡುವ ಚುರುಚುರು ಶಬ್ದ ಮಾತ್ರ ಕೇಳಿಸಿತು. ಆಮೇಲೆ ಅಕ್ಕ, ಸಾನ್ ಕಾಂಫೇಂಗ್ ದಾಟಿ ದೊಡ್ಡ ಹುಣಸೆಮರದ ಓಣಿ, ಸೆಂಗ್ಲಾ ಅಜ್ಜಿ ಎಂದಳು. ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ, ನಾನೂ ಬರಲಾ ಎಂದು ಕೇಳಿದಳು. ಬೇಡ, ನಾನೇ ಹೋಗಿಬರುತ್ತೇನೆ ಎಂದಳು ಫೋಂಗ್‌ಚನ್.

ಶನಿವಾರ ಬೆಳಿಗ್ಗೆ ನದಿಯ ಪಕ್ಕದ ಗಾಡಿ ನಿಲ್ದಾಣಕ್ಕೆ ಬಂದಳು. ಹಿಂದೆ ಎರಡು ಬೆಂಚು ಹಾಕಿದ ಸವಾರಿ ಗಾಡಿಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಊರೊಳಗೆ ಸುತ್ತುವವು ಕೆಂಪು, ಲಂಪೂನ್ ಕಡೆಗೆ ನೀಲಿ, ಸಾನ್ ಕಾಂಫೇಂಗ್ ಕಡೆಗೆ ಬಿಳಿ. ಇದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಗೊತ್ತಿದ್ದು ಫೋಂಗ್‌ಚನ್‌ಗೆ ಏನು ಪ್ರಯೋಜನ? ಪ್ರತಿ ಸಲ ಯಾರೋ ತೋಳು ಹಿಡಿದು ಯಾವುದೋ ಗಾಡಿಗೆ ಏರಿಸುತ್ತಿದ್ದರು. ಒಮ್ಮೆ ಹಾಗೆ ಏರಿಸಿದವರ ದೆಸೆಯಿಂದ ಹಲ್ಲುನೋವು ತೋರಿಸಲು ಹೊರಟವಳು ಲಂಪೂನಿನಲ್ಲಿ ಇಳಿದಿದ್ದಳು. ಈ ಸಲ ಕೋಲಿನಿಂದ ಮೊದಲ ಗಾಡಿಯನ್ನು ತಡವಿ, ಅದರ ಮೈಗೆ ಯಂತ್ರ ಒತ್ತಿದಳು. ಕೆಂಪು. ಮುಂದಿನದು ಕೆಂಪು. ಮೂರನೆಯದು, "ತಿಳಿ ಬೂದು".

"ನೊಂಗ್, ನನ್ನ ಗಾಡಿಗೆ ಏನು ಅಂಟಿಸ್ತಿದೀಯಾ?" ವಯಸ್ಸಾದ ಡ್ರೈವರ್‌ನ ದನಿ. ತನಗಿಂತ ಚಿಕ್ಕವರನ್ನು ಕರೆಯುವ ಹಾಗೆ ನೊಂಗ್ ಎಂದಿದ್ದ.

"ಬಣ್ಣ ಕೇಳ್ತಿದೀನಿ ಲುಂಗ್," ಎಂದಳು ಅವಳು, ದೊಡ್ಡಪ್ಪನನ್ನು ಕರೆದ ಹಾಗೆ.

"ಗಾಡಿನ ಯಾಕೆ ಕೇಳ್ತೀಯಾ, ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ಬಿಳಿ."

"ಇದು ಬೂದು ಅಂತಿದೆ."

ಬೆಂಚಿನ ಮೇಲೆ ಕೂತಿದ್ದ ಹೆಂಗಸರು ನಕ್ಕರು. ಹೋದ ವಾರ ತಾನೇ ತೊಳೆದಿದ್ದೆ ಎಂದು ಡ್ರೈವರ್ ಗೊಣಗಿದ. ಫೋಂಗ್‌ಚನ್ ಕರವಸ್ತ್ರ ತೆಗೆದು ಅಂಗೈಯಗಲ ಜಾಗ ಉಜ್ಜಿ ಮತ್ತೆ ಒತ್ತಿದಳು. "ಬಿಳಿ," ಎಂದಿತು ಯಂತ್ರ. ಶುರು ಮಾಡಿದ ಮೇಲೆ ಆ ಕಡೆಯದನ್ನೂ ಒರೆಸಿ ಮುಗಿಸಿಬಿಡು ಎಂದ ಡ್ರೈವರ್. ಹೆಂಗಸರು ಮತ್ತೆ ನಕ್ಕರು. ಈ ಸಲ ನಗು ಯಾವ ಕಡೆಗೆ ತಿರುಗಿದೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು, ತಾನೂ ನಕ್ಕು ಹತ್ತಿ ಕೂತಳು. ಹುಣಸೆಮರದ ಓಣಿಯ ಬಾಯಲ್ಲಿ ಅವನು ಗಾಡಿ ನಿಲ್ಲಿಸಿ, ನೇರ ನೂರು ಹೆಜ್ಜೆ, ಎಡಕ್ಕೆ ಮಗ್ಗದ ಸದ್ದು ಕೇಳುತ್ತೆ ಎಂದು ಹೇಳಿ ಹೋದ.

ಸದ್ದು ಎಪ್ಪತ್ತು ಹೆಜ್ಜೆಗೇ ಕೇಳಿಸಿತು. ಲಾಳಿ ಓಡುವ ಸರ್ರೆನ್ನುವ ಸದ್ದು, ಆಮೇಲೆ ಎರಡು ಪೆಟ್ಟು. ಕಂಬಗಳ ಮೇಲೆ ನಿಂತ ಮನೆ, ಅದರ ಕೆಳಗೆ ತಂಪಿನಲ್ಲಿ ಮಗ್ಗ. ಸೆಂಗ್ಲಾ ಅಜ್ಜಿ ಬದುಕಿದ್ದಳು. ಎಪ್ಪತ್ತಾರು ವರ್ಷ, ಬಾಯಲ್ಲಿ ಮಿಯಾಂಗ್ ಎನ್ನುವ ಹುದುಗಿಸಿದ ಚಹಾ ಎಲೆ, ದನಿಯಲ್ಲಿ ಸ್ವಲ್ಪವೂ ನಡುಕವಿಲ್ಲ. ಬಂದ ಕಾರಣ ಕೇಳಿದವಳೇ ಸಿನ್ ಅನ್ನು ಕೈಗೆ ತೆಗೆದುಕೊಂಡಳು. ಕಣ್ಣಿದ್ದವರು ಬಟ್ಟೆ ನೋಡುವಾಗ ಬೆಳಕಿನ ಕಡೆಗೆ ಎದ್ದು ಹೋಗುವುದು ಫೋಂಗ್‌ಚನ್‌ಗೆ ಗೊತ್ತಿತ್ತು. ಈ ಅಜ್ಜಿ ಕೂತಲ್ಲಿಂದ ಏಳಲಿಲ್ಲ. ಬೆರಳುಗಳು ರೇಷ್ಮೆಯ ಅಂಚಿನ ಮೇಲೆ ಸರಸರ ಓಡಿದ ಸದ್ದಷ್ಟೇ ಬಂತು.

"ಇದು ನನ್ನ ಕೈದೇ," ಎಂದಳು ಅಜ್ಜಿ. "ಅಂಚಿಗೆ ನಾನು ಎರಡು ಎಳೆ ಹೆಚ್ಚು ಹಾಕ್ತೀನಿ. ಬೇರೆ ಯಾರೂ ಹಾಕಲ್ಲ."

"ಇದರ ಬಣ್ಣ ಯಾವುದು, ಮೇ ಉಯ್?" ಊರಿನ ಅಜ್ಜಿಯರನ್ನೆಲ್ಲ ಕರೆಯುವ ಹಾಗೆ ಮೇ ಉಯ್ ಎಂದಳು ಫೋಂಗ್‌ಚನ್.

"ಉದ್ದದ ಹಾಸು ನೇರಳೆ, ಅಡ್ಡದ ಹೊಕ್ಕು ಹಸಿರು. ಎರಡೂ."

ಫೋಂಗ್‌ಚನ್‌ಗೆ ಅರ್ಥವಾಗಲಿಲ್ಲ. ಎರಡನ್ನೂ ಬೆರೆಸಿದರೆ ಮೂರನೆಯದು ಆಗಬೇಕಲ್ಲವೇ, ಹುಳಿ ಸಿಹಿ ಬೆರೆತ ಹಾಗೆ. ಅಜ್ಜಿ ವಿವರಿಸುವ ಗೋಜಿಗೆ ಹೋಗಲಿಲ್ಲ. ಅವಳ ಮಣಿಕಟ್ಟು ಹಿಡಿದು ಮಗ್ಗದ ಮೇಲೆ ಬಿಗಿದಿದ್ದ ಹಾಸಿನ ಮೇಲೆ ಅಂಗೈ ಊರಿಸಿದಳು. ಎಳೆಗಳು ಉದ್ದಕ್ಕೆ ಬಿಗಿಯಾಗಿ ನಿಂತಿದ್ದವು.

"ಉದ್ದಕ್ಕೆ ಸವರು."

ಕೈ ನೀರಿನ ಮೇಲೆ ಹೋದ ಹಾಗೆ ಜಾರಿತು.

"ಈಗ ಅಡ್ಡಕ್ಕೆ."

ಪ್ರತಿ ಎಳೆಯೂ ಬೆರಳಿಗೆ ಸಿಕ್ಕಿ, ಬಿಟ್ಟು, ಸಣ್ಣಗೆ ಗುಂಯ್‌ಗುಟ್ಟಿತು. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರು ಎಳೆದ ಹಾಗೆ.

"ನೂಲು ಅದೇ ತಾನೆ? ಕೈ ಹೋದ ದಿಕ್ಕಿಗೆ ತಕ್ಕ ಹಾಗೆ ಬೇರೆ ಅನ್ನಿಸಲಿಲ್ವಾ? ಕಣ್ಣೂ ಹಾಗೇ. ಈ ಕಡೆಯಿಂದ ಹೋದ್ರೆ ಹಾಸು ಸಿಗುತ್ತೆ, ಆ ಕಡೆಯಿಂದ ಹೋದ್ರೆ ಹೊಕ್ಕು ಸಿಗುತ್ತೆ."

ಫೋಂಗ್‌ಚನ್ ಮತ್ತೆ ಉದ್ದಕ್ಕೆ ಸವರಿದಳು, ಮತ್ತೆ ಅಡ್ಡಕ್ಕೆ ಸವರಿದಳು. ಹತ್ತೊಂಬತ್ತು ವರ್ಷ ಅವಳು ಒಂದು ಪ್ರಶ್ನೆಗೆ ಒಂದೇ ಉತ್ತರ ಇರಬೇಕು ಎಂದು ಹಟ ಹಿಡಿದಿದ್ದಳು. ಈಗ ಬೆರಳ ತುದಿಯಲ್ಲಿ ಎರಡು ಉತ್ತರಗಳಿದ್ದವು, ಎರಡೂ ನಿಜ.

"ಹಾಗಾದ್ರೆ ನೋಡೋರಿಗೂ ಎಲ್ಲರಿಗೂ ಒಂದೇ ಥರ ಕಾಣಲ್ವಾ?" ಎಂದು ಕೇಳಿದಳು.

"ಅಕ್ಕಪಕ್ಕ ನಿಂತರೆ ಒಂದೇ ಥರ. ಎದುರುಬದುರು ನಿಂತರೆ ಜಗಳ," ಎಂದಳು ಅಜ್ಜಿ. ಸ್ವಲ್ಪ ಹೊತ್ತು ಎಲೆ ಅಗಿದು, ನಿಮ್ಮಮ್ಮನ ನೆನಪಿದೆ ನನಗೆ ಎಂದಳು. ಎರಡು ಬಣ್ಣದ್ದು ನೇಯುವುದು ಕಷ್ಟ, ಉಡುವವಳಿಗೆ ಕಣ್ಣಿಲ್ಲ ಎನ್ನುತ್ತೀಯ, ಒಂದೇ ಬಣ್ಣದ್ದು ಸಾಲದೇ ಎಂದು ತಾನು ಕೇಳಿದ್ದಳಂತೆ. ಅದಕ್ಕೆ ಅಮ್ಮ, ಅವಳನ್ನು ಜನ ಒಂದು ಸಲ ನೋಡಿ ಮುಖ ತಿರುಗಿಸಿಬಿಡುತ್ತಾರೆ, ಎರಡು ಸಲ ನೋಡುವ ಹಾಗೆ ಮಾಡಿಕೊಡಿ ಎಂದಿದ್ದಳಂತೆ.

ಫೋಂಗ್‌ಚನ್ ಸಿನ್ ಅನ್ನು ಮಡಿಲಲ್ಲಿ ಇಟ್ಟುಕೊಂಡು ಅಂಚಿನ ಆ ಎರಡು ಹೆಚ್ಚಿನ ಎಳೆಗಳನ್ನು ಹುಡುಕಿದಳು. ಸಿಕ್ಕವು.

ಅಷ್ಟರಲ್ಲಿ ಅಜ್ಜಿ ದನಿ ತಗ್ಗಿಸಿ, ನಿನ್ನ ಆ ಮಾತಾಡುವ ಡಬ್ಬಿ ನೂಲಿನ ಬಣ್ಣವನ್ನೂ ಹೇಳುತ್ತದೆಯೇ ಎಂದು ಕೇಳಿದಳು. ಹೇಳುತ್ತದೆ ಎಂದಾಗ ಬುಟ್ಟಿಯೊಂದನ್ನು ಎಳೆದು ತಂದು ಒಂದು ಲಡಿ ಎತ್ತಿಕೊಟ್ಟಳು. ಇದು ಕಡುನೀಲಿ, ನನಗೆ ಗೊತ್ತು, ಸುಮ್ಮನೆ ನೋಡೋಣ ಎಂದಳು. ಯಂತ್ರ "ಕಪ್ಪು" ಎಂದಿತು. ಇನ್ನೊಂದು ಲಡಿ ಕೊಟ್ಟು, ಇದು ಕಪ್ಪು ಎಂದಳು. ಯಂತ್ರ "ಕಡು ನೇರಳೆ" ಎಂದಿತು.

"ಸ್ವಲ್ಪ ಮೆತ್ತಗೆ ಮಾತಾಡೋಕೆ ಹೇಳು ಅದಕ್ಕೆ," ಎಂದಳು ಅಜ್ಜಿ. "ಮೇಲೆ ಸೊಸೆ ಇದ್ದಾಳೆ."

ವಿಷಯ ಹೊರಬಂತು. ಎರಡು ವರ್ಷದಿಂದ ಅಜ್ಜಿಯ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಕಡು ಬಣ್ಣಗಳೆಲ್ಲ ಒಂದೇ ಕೆಸರಾಗಿ ಕಾಣುತ್ತಿದ್ದವು. ನೀಲಿ ಗೆರೆಯಲ್ಲಿ ಕಪ್ಪು ಸೇರಿದೆ ಎಂದು ಸೊಸೆ ಹೇಳಿದಾಗಲೆಲ್ಲ, ಕಣ್ಣಿರುವುದು ನನಗೆ, ನೇಯುವವಳು ನಾನು ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದಳಂತೆ. ಆಸ್ಪತ್ರೆಗೆ ಹೋಗಲು ಭಯ. ಹೋದರೆ ಮಗ್ಗ ಬಿಡಿಸುತ್ತಾರೆ ಎಂದು.

ಪೊರೆ ತೆಗೆಯುವುದು ಅರ್ಧ ಬೆಳಗಿನ ಕೆಲಸ, ನಮ್ಮಲ್ಲಿಗೆ ದಿನಾ ಅದಕ್ಕೆಂದೇ ಎಷ್ಟು ಫೋನ್ ಬರುತ್ತವೆ ಗೊತ್ತೇ ಎಂದು ಫೋಂಗ್‌ಚನ್ ಹೇಳಿದಳು. ಕಣ್ಣಿನ ವಿಭಾಗದ ನಂಬರ್ ಅವಳಿಗೆ ಬಾಯಿಪಾಠ. ಸೋಮವಾರ ತಾನೇ ಸಮಯ ಗೊತ್ತುಮಾಡಿ ತಿಳಿಸುತ್ತೇನೆ ಎಂದಳು. ಅಲ್ಲಿಯವರೆಗೆ ಬುಟ್ಟಿಗೊಂದು ದಾರಿ ಮಾಡೋಣ ಎಂದು ಫೋಂಗ್‌ಚನ್ ಒಂದೊಂದೇ ಲಡಿಗೆ ಯಂತ್ರ ಒತ್ತಿದಳು. ಕಪ್ಪಿಗೆ ಒಂದು ಗಂಟು, ಕಡುನೀಲಿಗೆ ಎರಡು, ಕಡುನೇರಳೆಗೆ ಮೂರು, ಕಡುಹಸಿರಿಗೆ ಕುಣಿಕೆ. ತನ್ನ ಔಷಧಿ ಬಾಟಲಿಗಳನ್ನು ಅವಳು ಹೀಗೇ ಗುರುತು ಮಾಡಿಕೊಳ್ಳುತ್ತಿದ್ದಳು. ಅಜ್ಜಿ ಕಣ್ಣು ಮುಚ್ಚಿ ಗಂಟು ಎಣಿಸಿ ಬಣ್ಣ ಹೇಳುವುದನ್ನು ಕಲಿತಳು. ತಪ್ಪಾದಾಗ ತನಗೆ ತಾನೇ ಬೈದುಕೊಂಡಳು. ಮೂವತ್ತೆಂಟು ಲಡಿ ಮುಗಿಯುವಾಗ ಮಧ್ಯಾಹ್ನ ಕಳೆದಿತ್ತು, ಸೊಸೆ ಮೇಲಿನಿಂದ ಅನ್ನ, ಸುಟ್ಟ ಮೆಣಸಿನಕಾಯಿ ಚಟ್ನಿ ತಂದಿಟ್ಟು, ಇಬ್ಬರೂ ಸೇರಿ ಏನು ಕಳ್ಳತನ ನಡೆಸಿದ್ದೀರಿ ಎಂದು ಕೇಳಿ ಹೋದಳು.

ಹಿಂದಿರುಗುವ ಗಾಡಿಯಲ್ಲಿ ಫೋಂಗ್‌ಚನ್ ಮನೆಯ ಹತ್ತಿರ ಇಳಿಯಲಿಲ್ಲ. ಕೊನೆಯ ನಿಲ್ದಾಣದವರೆಗೂ ಕೂತು, ಮಾರುಕಟ್ಟೆಯೊಳಗೆ ನಿಂಬೆಹುಲ್ಲಿನ, ಸುಟ್ಟ ಕೊಬ್ಬಿನ ವಾಸನೆ ಹಿಡಿದು ಅಕ್ಕನ ಅಂಗಡಿ ಸೇರಿದಳು. ಬುವಾಚುಮ್ ಗಾಬರಿಯಾದಳು. ತಂಗಿ ಅಂಗಡಿಗೆ ಬಂದು ವರ್ಷಗಳಾಗಿದ್ದವು.

"ಪಿ ಬುವಾ, ಆ ದಿನ ನನಗೆ ಸಿನ್ ಉಡಿಸುವಾಗ ನೀನು ನಿಂತಿದ್ದೆಯಾ, ಕೂತಿದ್ದೆಯಾ?"

ಯಾವ ದಿನ ಎಂದು ಅಕ್ಕ ಕೇಳಲಿಲ್ಲ. "ಕುಕ್ಕರಗಾಲಲ್ಲಿ ಕೂತಿದ್ದೆ. ಅಂಚು ಸರಿಮಾಡಬೇಕಿತ್ತಲ್ಲ. ಯಾಕೆ?"

"ಮಾವ ಎಲ್ಲಿದ್ದ?"

"ಬಾವಿಕಟ್ಟೆ ಹತ್ತಿರ ನಿಂತಿದ್ದ. ಯಾಕೆ ಫೋಂಗ್, ಏನಾಯ್ತು?"

ಫೋಂಗ್‌ಚನ್ ಚೀಲದಿಂದ ಸಿನ್ ತೆಗೆದು ಅಕ್ಕನ ಕೈಗೆ ಕೊಟ್ಟಳು. ಹಾಸು, ಹೊಕ್ಕು, ಉದ್ದ, ಅಡ್ಡ, ಎಲ್ಲ ಹೇಳಿದಳು. ನೀನು ಕೂತಲ್ಲಿಂದ ಹಸಿರು, ಅವನು ನಿಂತಲ್ಲಿಂದ ನೇರಳೆ, ಇಬ್ಬರೂ ನಿಜ ಹೇಳಿದ್ದಿರಿ, ನಾನೇ ನಂಬಲಿಲ್ಲ ಎಂದಳು. ಬುವಾಚುಮ್ ಕೈ ಒರೆಸಿಕೊಂಡು ಸಿನ್ ಅನ್ನು ಅಂಗಡಿಯ ತೊಲೆಗೆ ನೇತುಹಾಕಿದಳು. ಆಮೇಲೆ ಆ ದಪ್ಪ ಹೆಂಗಸು, ಮಂಡಿನೋವಿನವಳು, ಅದರ ಮುಂದೆ ಕೂತಳು, ಎದ್ದಳು, ಎಡಕ್ಕೆ ಹೋದಳು, ಬಲಕ್ಕೆ ಬಂದಳು.

"ಈಗ ಹಸಿರು," ಎಂದಳು. "ಈಗ ಎರಡೂ ಸೇರಿದ ಹಾಗಿದೆ. ಇಲ್ಲಿಂದ, ಇಲ್ಲಿಂದ ನೇರಳೆ. ಅಂಚಲ್ಲಿ ಮಾತ್ರ ಹಸಿರು ಓಡ್ತಿದೆ."

ಸಾಸೇಜ್ ಕೊಳ್ಳಲು ಬಂದವರು ಕಾದು ನಿಂತಿದ್ದರು. ಅಷ್ಟು ವಿವರವಾಗಿ ಯಾರೂ ಯಾವತ್ತೂ ಫೋಂಗ್‌ಚನ್‌ಗೆ ಒಂದು ವಸ್ತುವನ್ನು ಹೇಳಿರಲಿಲ್ಲ. ಕೊನೆಗೆ ಅಕ್ಕ ಪಕ್ಕದ ಮಣೆಯ ಮೇಲೆ ಉಸಿರುಬಿಡುತ್ತ ಕೂತು, ಆವತ್ತು ಹೀಗೆ ಹೇಳಲು ತನಗೆ ಬರಲಿಲ್ಲ, ಆ ಮಾತನ್ನು ಆಡಬಾರದಿತ್ತು, ಆಡಿದ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ ಎಂದಳು. ನಾನೂ ಆಮೇಲಾದರೂ ಕೇಳಬಹುದಿತ್ತು, ಕೇಳಲಿಲ್ಲ ಎಂದಳು ಫೋಂಗ್‌ಚನ್. ಗಿರಾಕಿಗಳು ಗದ್ದಲ ಮಾಡಿದ್ದರಿಂದ ಆ ಮಾತು ಅಷ್ಟಕ್ಕೇ ಮುಗಿಯಿತು.

ಗಿರಾಕಿಗಳು ಹೋದ ಮೇಲೆ ಅಕ್ಕ ಯಂತ್ರವನ್ನು ಕೇಳಿ ತೆಗೆದುಕೊಂಡು ಸಾಸೇಜಿಗೆ ಹಿಡಿಯಹೋದಳು. ಜಿಡ್ಡಾಗುತ್ತದೆ ಎಂದು ಫೋಂಗ್‌ಚನ್ ಕಿತ್ತುಕೊಂಡಳು. ಕಿತ್ತುಕೊಂಡ ಕೈಗೆ ಅಕ್ಕನ ತಲೆ ತಾಗಿತು. ಏನೋ ಹೊಳೆದು, ಯಂತ್ರವನ್ನು ಅವಳ ಕೂದಲಿಗೆ ಒತ್ತಿದಳು.

"ತಿಳಿ ಬೂದು," ಎಂದಿತು ಬ್ಯಾಂಕಾಕಿನ ಹೆಂಗಸು, ಇಡೀ ಸಾಲಿಗೆ ಕೇಳುವ ಹಾಗೆ.

ಫೋಂಗ್‌ಚನ್‌ಳ ಮನಸ್ಸಿನಲ್ಲಿ ಅಕ್ಕನ ಕೂದಲು ಕಪ್ಪು. ಚಿಕ್ಕಂದಿನಲ್ಲಿ ಅಮ್ಮ ಹೇಳಿದ್ದು, ಆಮೇಲೆ ಬದಲಾಗಿದೆ ಎಂದು ಯಾರೂ ಹೇಳಿರಲಿಲ್ಲ.

"ಯಾವಾಗಿಂದ?"

"ಐದಾರು ವರ್ಷ ಆಯ್ತು. ಮೊದಲು ಆ ಯಂತ್ರನ ವಾಪಸ್ ಕೊಟ್ಟು ಬಾ," ಎಂದಳು ಬುವಾಚುಮ್. ದನಿಯಲ್ಲಿ ನಗು ಇತ್ತು.

"ನಂದು?"

"ನೀನೇ ನೋಡ್ಕೋ. ನಾನು ಹೇಳಿದ್ರೆ ನಂಬ್ತೀಯಾ?"

ಇಷ್ಟು ದಿನದಲ್ಲಿ ಗೋಡೆ, ಬಾಳೆಹಣ್ಣು, ನಾಲಿಗೆ, ಆಕಾಶ, ಎಲ್ಲಕ್ಕೂ ಒತ್ತಿದ್ದಳು, ತನ್ನ ತಲೆಯನ್ನು ಮಾತ್ರ ಕೇಳಿರಲಿಲ್ಲ. ಜಡೆ ಬಿಚ್ಚಿ ಹಿಂದಲೆಗೆ ಒತ್ತಿದಳು. ಕಪ್ಪು. ಕಿವಿಯ ಮೇಲೆ ಒತ್ತಿದಳು. ಕಡು ಬೂದು. ಅಕ್ಕ ಅವಳ ಮಣಿಕಟ್ಟು ಹಿಡಿದು ಸ್ವಲ್ಪ ಮುಂದಕ್ಕೆ, ಹಣೆಯ ಅಂಚಿಗೆ ತಂದು, ಇಲ್ಲಿ ಕೇಳು, ಇಲ್ಲಿ ಒಂದು ಎಳೆ ಇದೆ ಎಂದಳು. ಫೋಂಗ್‌ಚನ್ ಗುಂಡಿ ಅದುಮಿ, ತಲೆ ಬಾಗಿಸಿ ಕಾದಳು.